ಸಿಎ 125 ಮೂವತ್ತೈದು ದಾಟಿದರೆ ಕ್ಯಾನ್ಸರ್ ಎಂದಲ್ಲ: ಟ್ಯೂಮರ್ ಮಾರ್ಕರ್ ರಿಪೋರ್ಟ್ ಓದುವ ಬಗೆ

ಮೂವತ್ತೆಂಟರ ಮಹಿಳೆಯೊಬ್ಬರ ಮೊಬೈಲಿಗೆ ಲ್ಯಾಬಿನಿಂದ ಪಿಡಿಎಫ್ ಬರುತ್ತದೆ ಎಂದಿಟ್ಟುಕೊಳ್ಳಿ. ಸಕ್ಕರೆ, ಥೈರಾಯ್ಡ್, ಕೊಲೆಸ್ಟ್ರಾಲ್ ಎಲ್ಲವೂ ಸರಿಯಿದೆ. ಕೊನೆಯ ಪುಟದಲ್ಲಿ ಸಿಎ 125 ಎಂಬ ಸಾಲು, ಅದರ ಮುಂದೆ ದಪ್ಪ ಅಕ್ಷರದಲ್ಲಿ 62, ಪಕ್ಕದಲ್ಲಿ 0–35 ಎಂಬ ಮಿತಿ. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಕಂಪನಿ ಕೊಡಿಸಿದ ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ ಇದೂ ಸೇರಿತ್ತು. ಸಿಎ 125 ಎಂದರೇನು ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ‘ಅಂಡಾಶಯದ ಕ್ಯಾನ್ಸರ್’. ಡಾಕ್ಟರು ಸಿಗುವುದು ಇನ್ನು ಸೋಮವಾರಕ್ಕೆ. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ.

ರಕ್ತ ಕೊಟ್ಟ ದಿನ ಆಕೆ ಮುಟ್ಟಾಗಿದ್ದಿರಬಹುದು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ) ಇರಬಹುದು, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇರಬಹುದು, ಗರ್ಭ ನಿಂತ ಮೊದಲ ತಿಂಗಳುಗಳಿರಬಹುದು. ಇವುಗಳಲ್ಲಿ ಯಾವುದೇ ಇದ್ದರೂ ಸಿಎ 125 ಏರಬಹುದು. ಆ ವಯಸ್ಸಿನಲ್ಲಿ, ಯಾವ ಲಕ್ಷಣವೂ ಇಲ್ಲದಿರುವಾಗ, 62ರ ಹಿಂದೆ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಡಿಮೆ. ರಿಪೋರ್ಟಿನಲ್ಲಿ ಇದು ಇರುವುದೇ ಇಲ್ಲ, ಇದ್ದರೂ ಅಡಿಯಲ್ಲಿ ಯಾರೂ ಓದದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ.

ಸಿಎ 125ರಂತೆ ಕ್ಯಾನ್ಸರ್‌ನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ವಸ್ತುಗಳನ್ನು ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ಈ ಪರೀಕ್ಷೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ ಇದು ದೊಡ್ಡ ಆಸರೆ. ಆದರೆ ಅಂಕಿಯೊಂದಕ್ಕೆ ಅರ್ಥ ಬರುವುದು ಪರೀಕ್ಷೆಯನ್ನು ಯಾರಿಗೆ, ಏಕೆ, ಯಾವಾಗ ಮಾಡಿಸಿದ್ದು ಎಂಬುದು ಗೊತ್ತಿದ್ದಾಗ. ಚಿಕಿತ್ಸೆಯಲ್ಲಿರುವವರಿಗೆ ದಾರಿ ತೋರಿಸುವ ಅದೇ ಪರೀಕ್ಷೆ, ಆರೋಗ್ಯವಾಗಿರುವವರನ್ನು ಬೇಡದ ಸ್ಕ್ಯಾನ್‌ಗೆ, ಕೆಲವೊಮ್ಮೆ ಬೇಡದ ಆಪರೇಷನ್‌ಗೆ ಒಯ್ಯುತ್ತದೆ.

ಮಾರ್ಕರ್ ಎಂದರೆ ಗಡ್ಡೆಯಿಂದಷ್ಟೇ ಬರುವ ವಸ್ತು ಎಂದು ಅನೇಕರು ತಿಳಿದಿದ್ದಾರೆ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಆರೋಗ್ಯವಂತ ದೇಹವೂ ತಯಾರಿಸುತ್ತದೆ. ಎಎಫ್‌ಪಿ ಭ್ರೂಣದ ಲಿವರ್ ತಯಾರಿಸುವ ಪ್ರೋಟೀನು, ಹುಟ್ಟಿದ ಮಗುವಿನ ರಕ್ತದಲ್ಲಿ ಅದು ಹೇರಳವಾಗಿರುತ್ತದೆ. ಸಿಇಎ ಭ್ರೂಣದ ಕರುಳಿನಲ್ಲಿರುವಂಥದ್ದು. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಅದು ಮತ್ತೆ ಕಾಣಿಸಿಕೊಳ್ಳುವುದನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಗುರುತಿಸಿದರು. ಪಿಎಸ್‌ಎ ಎಂಬುದು ವೀರ್ಯವನ್ನು ತೆಳುವಾಗಿಸಲು ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಕಿಣ್ವ. ಸಿಎ 125ನ್ನು ಹೊಟ್ಟೆಯ ಒಳಪೊರೆ, ಎದೆಯ ಒಳಪೊರೆ, ಗರ್ಭಕೋಶದ ಒಳಪದರ ಇವೆಲ್ಲವೂ ತಯಾರಿಸುತ್ತವೆ. ಈ ಪೊರೆಗಳಿಗೆ ಯಾವ ಕಾರಣದಿಂದ ಉರಿಯೂತ ಬಂದರೂ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕ್ಯಾನ್ಸರ್ ಅಂಥ ಕಾರಣಗಳಲ್ಲಿ ಒಂದು.

35 ಎಂಬ ಗೆರೆ ಎಲ್ಲಿಂದ ಬಂತು?

1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳುವ ಪ್ರತಿಕಾಯವೊಂದನ್ನು (ಆಂಟಿಬಾಡಿ) ರೂಪಿಸಿದರು. ಎರಡು ವರ್ಷದ ಬಳಿಕ ಅದನ್ನು ಬಳಸಿ ರಕ್ತಪರೀಕ್ಷೆ ಮಾಡಿದ ಫಲಿತಾಂಶ ಪ್ರಕಟಿಸಿದರು. 888 ಮಂದಿ ಆರೋಗ್ಯವಂತರಲ್ಲಿ ಶೇ 1ರಷ್ಟು ಮಂದಿಗೆ ಮಾತ್ರ 35 ಯೂನಿಟ್‌ಗಿಂತ ಹೆಚ್ಚಿತ್ತು. ಅಂಡಾಶಯದ ಕ್ಯಾನ್ಸರ್ ಖಚಿತವಾಗಿದ್ದ 101 ಮಂದಿಯಲ್ಲಿ 83 ಮಂದಿಗೆ ಹೆಚ್ಚಿತ್ತು. 35 ಎಂಬ ಮಿತಿ ಬಂದದ್ದು ಹೀಗೆ. ಅದರಿಂದ ಆಚೆ ರೋಗ, ಈಚೆ ಆರೋಗ್ಯ ಎಂದು ಪ್ರಕೃತಿ ಹಾಕಿದ ಗೆರೆಯೇನೂ ಅದಲ್ಲ. ನೂರು ಆರೋಗ್ಯವಂತರಲ್ಲಿ ಒಬ್ಬರು ಅದನ್ನು ದಾಟುತ್ತಾರೆ ಎಂಬುದು ಆ ಗೆರೆಯಲ್ಲೇ ಅಡಗಿದೆ.

ಶೇ 1 ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಲಕ್ಷಣವಿಲ್ಲದವರಿಗೆಲ್ಲ ಪರೀಕ್ಷೆ ಮಾಡಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಂತ ಮಹಿಳೆಯರಲ್ಲಿ ಸುಮಾರು 2,500ಕ್ಕೆ ಒಬ್ಬರಂತೆ ಈ ಕ್ಯಾನ್ಸರ್ ಇರುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಅಂಥ ಒಂದು ಲಕ್ಷ ಮಹಿಳೆಯರಲ್ಲಿ 40 ಮಂದಿಗೆ ಕ್ಯಾನ್ಸರ್ ಇರುತ್ತದೆ. ಪರೀಕ್ಷೆ ನೂರಕ್ಕೆ ಎಂಬತ್ತನ್ನು ಹಿಡಿಯುತ್ತದೆ ಎಂದು ಉದಾರವಾಗಿ ಒಪ್ಪಿಕೊಂಡರೂ ಸಿಕ್ಕುವವರು 32 ಮಂದಿ. ಉಳಿದ 99,960 ಮಂದಿಯಲ್ಲಿ ಶೇ 1 ಅಂದರೆ ಹತ್ತಿರ ಹತ್ತಿರ ಒಂದು ಸಾವಿರ ಮಂದಿಗೆ ಕ್ಯಾನ್ಸರ್ ಇಲ್ಲದೆಯೂ ಅಂಕಿ ಹೆಚ್ಚು ಬರುತ್ತದೆ. ರಿಪೋರ್ಟಿನಲ್ಲಿ ‘ಹೆಚ್ಚು’ ಎಂದು ಬಂದ ಮೂವತ್ತೆರಡು ಮಂದಿಯಲ್ಲಿ ಒಬ್ಬರಿಗೆ ಕ್ಯಾನ್ಸರ್, ಮೂವತ್ತೊಂದು ಮಂದಿಗೆ ಇಲ್ಲ. ಮುಟ್ಟು ನಿಲ್ಲದ ವಯಸ್ಸಿನಲ್ಲಿ ಕ್ಯಾನ್ಸರ್ ಇನ್ನೂ ಅಪರೂಪ, ಸಿಎ 125 ಏರಿಸುವ ಇತರ ಕಾರಣಗಳು ಇನ್ನೂ ಹೆಚ್ಚು. ಹಾಗಾಗಿ ಅವರಲ್ಲಿ ಈ ಲೆಕ್ಕ ಮತ್ತಷ್ಟು ಹದಗೆಡುತ್ತದೆ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಆಗಿದ್ದರೆ ವಾದಿಸಬಹುದಿತ್ತು. ಅಮೆರಿಕದಲ್ಲಿ 78,216 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರತಿವರ್ಷ ಸಿಎ 125 ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿದರು. ಫಲಿತಾಂಶ ಬಂದದ್ದು 2011ರಲ್ಲಿ. ತಪಾಸಣೆ ಆದ ಗುಂಪಿನಲ್ಲಿ ಅಂಡಾಶಯದ ಕ್ಯಾನ್ಸರ್‌ನಿಂದ ಸತ್ತವರು 118 ಮಂದಿ, ಆಗದ ಗುಂಪಿನಲ್ಲಿ 100. ಜೀವ ಉಳಿಯಲಿಲ್ಲ. ಇತ್ತ 3,285 ಮಹಿಳೆಯರಿಗೆ ಇಲ್ಲದ ಕ್ಯಾನ್ಸರ್ ಇದೆಯೆಂಬ ಸಂಶಯ ಹುಟ್ಟಿತು, ಅವರಲ್ಲಿ 1,080 ಮಂದಿಗೆ ಆಪರೇಷನ್ ಆಯಿತು, ಆ ಆಪರೇಷನ್‌ನಿಂದ 163 ಮಂದಿ ಗಂಭೀರ ತೊಡಕು ಅನುಭವಿಸಿದರು. ಈ ಅಂಕಿಗಳನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಆ ಸಾವಿರ ಮಂದಿ. ಅವರಿಗೆ ಅಂಡಾಶಯದ ಕ್ಯಾನ್ಸರ್ ಇರಲೇ ಇಲ್ಲ.

ಬ್ರಿಟನ್ನಿನ ಅಧ್ಯಯನ ಇನ್ನೂ ದೊಡ್ಡದು, ಇನ್ನೂ ಜಾಣತನದ್ದು. 35ರ ಗೆರೆಯನ್ನು ಬದಿಗಿಟ್ಟು, ಪ್ರತಿ ಮಹಿಳೆಯ ಅಂಕಿ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿದೆ ಎಂದು ನೋಡಿದರು. ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರು ಇದರಲ್ಲಿದ್ದರು. 2021ರಲ್ಲಿ ಅಂತಿಮ ಫಲಿತಾಂಶ ಬಂದಾಗ, ಮೊದಲ ಹಂತದಲ್ಲೇ ಪತ್ತೆಯಾದವರ ಸಂಖ್ಯೆ ಹೆಚ್ಚಿದ್ದು ನಿಜ, ಆದರೆ ಸಾವು ಕಡಿಮೆಯಾಗಿರಲಿಲ್ಲ. ‘ಬೇಗ ಗೊತ್ತಾದರೆ ಉಳಿಸಬಹುದು’ ಎನ್ನುವ ಮಾತನ್ನು ನಾವು ಎಲ್ಲ ಕ್ಯಾನ್ಸರ್‌ಗೂ ಒಂದೇ ರೀತಿ ಅನ್ವಯಿಸುತ್ತೇವೆ. ಈ ಕ್ಯಾನ್ಸರ್‌ನಲ್ಲಿ ಆ ಮಾತು ರುಜುವಾತಾಗಿಲ್ಲ.

ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಹಲವರಿಗೆ ಬಂದಿದ್ದರೆ ಪರಿಸ್ಥಿತಿ ಬೇರೆ. ಅಂಥವರಿಗೆ ಬೇಕಾದದ್ದು ಈ ಕ್ಯಾನ್ಸರ್‌ಗಳ ಅಪಾಯ ವಂಶವಾಹಿಯಲ್ಲಿದೆಯೇ ಎಂದು ನೋಡುವ ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆ ತಜ್ಞರ ಜೊತೆ ಮಾತುಕತೆ. ಪ್ಯಾಕೇಜಿನ ಸಿಎ 125 ಅದಕ್ಕೆ ಬದಲಿಯಾಗದು.

ಟಿಬಿ ಎಂಬ ನಮ್ಮ ದೇಶದ ಕಾರಣ

ಹೊಟ್ಟೆಯ ಟಿಬಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಪಾಶ್ಚಾತ್ಯ ದೇಶಗಳಿಗಿಂತ ನಮ್ಮ ದೇಶದಲ್ಲಿ ಅದು ಬಹಳ ಹೆಚ್ಚು. ಟಿಬಿ ಹೊಟ್ಟೆಯ ಒಳಪೊರೆಗೆ ಹಬ್ಬಿದರೆ ನೀರು ತುಂಬಿಕೊಂಡು ಹೊಟ್ಟೆ ಊದುತ್ತದೆ, ತೂಕ ಇಳಿಯುತ್ತದೆ, ಊಟ ಸೇರುವುದಿಲ್ಲ. ಸಿಟಿ ಸ್ಕ್ಯಾನ್ ತೆಗೆದರೆ ಒಳಪೊರೆ ದಪ್ಪವಾಗಿ, ಅಂಡಾಶಯದ ಬಳಿ ಗಡ್ಡೆಯಂಥದ್ದು ಕಾಣುತ್ತದೆ. ಸಿಎ 125 ಕೆಲವು ನೂರು, ಕೆಲವೊಮ್ಮೆ ಸಾವಿರ ದಾಟುತ್ತದೆ. ಎಲ್ಲವೂ ಮುಂದುವರಿದ ಅಂಡಾಶಯದ ಕ್ಯಾನ್ಸರ್‌ನ ಪಡಿಯಚ್ಚು. ಕ್ಯಾನ್ಸರ್ ಎಂದೇ ತಿಳಿದು ಹೊಟ್ಟೆ ತೆರೆದು ನೋಡಿದಾಗ ಟಿಬಿ ಎಂದು ಗೊತ್ತಾದ ಎಷ್ಟೋ ಪ್ರಕರಣಗಳನ್ನು ಭಾರತದ ವೈದ್ಯರು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ. ಲ್ಯಾಪರೋಸ್ಕೋಪಿಯಲ್ಲಿ ಒಂದು ಚೂರು ತೆಗೆದು ಬಯಾಪ್ಸಿ ಮಾಡಿದರೆ ಸತ್ಯ ತಿಳಿಯುತ್ತದೆ. ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಯಲ್ಲಿ ಕಾಯಿಲೆ ಗುಣವಾಗುತ್ತದೆ, ಸಿಎ 125 ಕೂಡ ಕೆಳಗಿಳಿಯುತ್ತದೆ.

ಆದ್ದರಿಂದ ಹೊಟ್ಟೆಯಲ್ಲಿ ನೀರು ತುಂಬಿದ ಯುವತಿಗೆ ಸಿಎ 125 ಸಾವಿರ ಬಂದಿದೆ ಎಂದಾಕ್ಷಣ ಮನೆಯವರು ಕೈಚೆಲ್ಲಿ ಕೂರಬಾರದು. ‘ಇದು ಟಿಬಿ ಆಗಿರಬಹುದೇ? ಬಯಾಪ್ಸಿ ಆಗಿದೆಯೇ?’ ಎಂದು ಕೇಳುವುದು ಅತಿಬುದ್ಧಿಯಲ್ಲ. ಯಾವ ಮಾರ್ಕರ್ ಎಷ್ಟೇ ಏರಿರಲಿ, ಹೆಚ್ಚಿನ ಕ್ಯಾನ್ಸರ್‌ಗಳು ಖಚಿತವಾಗುವುದು ಸೂಕ್ಷ್ಮದರ್ಶಕದಡಿ ಅಂಗಾಂಶ ನೋಡಿದಾಗಲೇ. ಲಿವರ್ ಸಿರೋಸಿಸ್, ಹೃದಯದ ವೈಫಲ್ಯಗಳಲ್ಲೂ ಸಿಎ 125 ಏರುತ್ತದೆ. ಗಂಡಸರಲ್ಲೂ ಏರಬಹುದು.

ಉಳಿದ ಮಾರ್ಕರ್‌ಗಳ ಕಥೆಯೂ ಹೆಚ್ಚು ಬೇರೆಯಲ್ಲ. ಬೀಡಿ-ಸಿಗರೇಟು ಸೇದುವವರಲ್ಲಿ ಸಿಇಎ ಮಾಮೂಲಾಗಿಯೇ ಹೆಚ್ಚು, ಅದಕ್ಕೇ ಅನೇಕ ಲ್ಯಾಬ್‌ಗಳು ಅವರಿಗೆ ಮಿತಿಯನ್ನು 5ಕ್ಕೆ ಏರಿಸಿರುತ್ತವೆ. ಲಿವರ್‌ಗೆ ಸಂಬಂಧಿಸಿದ ಎಎಫ್‌ಪಿ, ಹೆಪಟೈಟಿಸ್ ಇದ್ದರೂ ಗರ್ಭಿಣಿಯಾಗಿದ್ದರೂ ಏರುತ್ತದೆ.

ಮೇದೋಜೀರಕ ಗ್ರಂಥಿಯ ಮಾರ್ಕರ್ ಎನಿಸಿಕೊಂಡ ಸಿಎ 19-9ರಲ್ಲಿ ಎರಡು ವಿಶೇಷಗಳಿವೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಾಮಾಲೆಯಾದರೆ ಅದು 37ರ ಮಿತಿಯನ್ನು ದಾಟಿ ನೂರು, ಸಾವಿರಕ್ಕೂ ಹೋಗಬಹುದು. ಕಾಮಾಲೆ ಇಳಿದ ಮೇಲೆ ಮತ್ತೊಮ್ಮೆ ನೋಡದೆ ಆ ಅಂಕಿಯ ಮೇಲೆ ಏನನ್ನೂ ತೀರ್ಮಾನಿಸುವಂತಿಲ್ಲ. ಇನ್ನೊಂದು, ಜನರಲ್ಲಿ ಶೇ 5ರಿಂದ 10ರಷ್ಟು ಮಂದಿಯ ದೇಹ ಈ ವಸ್ತುವನ್ನು ತಯಾರಿಸುವುದೇ ಇಲ್ಲ. ಅವರ ರಕ್ತದಲ್ಲಿ ಲೂಯಿಸ್ ಎಂಬ ಗುಂಪಿನ ಗುರುತು ಇರುವುದಿಲ್ಲ. ಅಂಥವರಿಗೆ ಮೇದೋಜೀರಕದ ಕ್ಯಾನ್ಸರ್ ದೊಡ್ಡದಾಗಿದ್ದರೂ ಸಿಎ 19-9 ತೀರಾ ಕಡಿಮೆ ಇರಬಹುದು.

ಪಿಎಸ್‌ಎ ಮಾತ್ರ ಸ್ವಲ್ಪ ಬೇರೆ. ಆರೋಗ್ಯವಂತರ ತಪಾಸಣೆಯಲ್ಲಿ ಒಂದಿಷ್ಟು ಪ್ರಯೋಜನ ತೋರಿಸಿರುವ ಮಾರ್ಕರ್ ಇದು. ಯುರೋಪಿನ ದೊಡ್ಡ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಬಂತು: ತಪಾಸಣೆಗೆ ಕರೆದ ಪ್ರತಿ 456 ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್‌ನ ಒಂದು ಸಾವು ತಪ್ಪಿತ್ತು. ಅದರ ಜೊತೆಗೆ, ಎಂದೂ ತೊಂದರೆ ಕೊಡದೆ ಇರಬಹುದಾಗಿದ್ದ ನಿಧಾನಗತಿಯ ಕ್ಯಾನ್ಸರ್‌ಗಳೂ ಪತ್ತೆಯಾಗಿ, ಚಿಕಿತ್ಸೆಯಿಂದ ಮೂತ್ರದ ಹಿಡಿತ ತಪ್ಪಿದವರು, ಲೈಂಗಿಕ ಶಕ್ತಿ ಕುಂದಿದವರು ಇದ್ದಾರೆ. ಹಾಗಾಗಿ ಐವತ್ತು ದಾಟಿದ ಗಂಡಸು ಲಾಭ-ನಷ್ಟ ಎರಡನ್ನೂ ಡಾಕ್ಟರ ಹತ್ತಿರ ಮಾತಾಡಿ, ಬೇಕೆನಿಸಿದರೆ ಮಾಡಿಸಿಕೊಳ್ಳಬೇಕು. 4 ಎಂಬ ಮಿತಿಯೂ ಕಲ್ಲಿನ ಗೆರೆಯಲ್ಲ: 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಪಿಎಸ್‌ಎ 4ರೊಳಗೇ ಇದ್ದವರಿಗೆ ಬಯಾಪ್ಸಿ ಮಾಡಿದಾಗ ಶೇ 15ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಕಂಡಿತ್ತು. ಪ್ರಾಸ್ಟೇಟ್ ದಪ್ಪವಾಗಿದ್ದರೆ, ಮೂತ್ರದ ಸೋಂಕಿದ್ದರೆ, ಕ್ಯಾಥೆಟರ್ ಹಾಕಿದ್ದರೆ ಪಿಎಸ್‌ಎ ಏರುತ್ತದೆ. ಸೋಂಕು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ನೋಡಬೇಕು. ಮೂತ್ರ ಕಟ್ಟುವ ತೊಂದರೆಗೆ ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಮಾತ್ರೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅವರ ರಿಪೋರ್ಟಿನಲ್ಲಿ 3 ಎಂದಿದ್ದರೆ ಅದನ್ನು 6 ಎಂದು ಓದಬೇಕು. ಕೂದಲು ಉದುರುವುದಕ್ಕೂ ಫಿನಾಸ್ಟರೈಡ್ ಕೊಡುತ್ತಾರೆ ಎಂಬುದು ನೆನಪಿರಲಿ.

ಎಲ್ಲಿ ಇವು ನಿಜಕ್ಕೂ ಕೆಲಸಕ್ಕೆ ಬರುತ್ತವೆ

ಕ್ಯಾನ್ಸರ್ ಇದೆ ಎಂದು ಬಯಾಪ್ಸಿಯಲ್ಲಿ ಖಚಿತವಾಗಿ, ಚಿಕಿತ್ಸೆಗೆ ಮೊದಲು ಮಾರ್ಕರ್ ಏರಿತ್ತು ಎಂದಾದರೆ, ಅಲ್ಲಿಂದ ಮುಂದೆ ಅದು ನೆಚ್ಚಬಹುದಾದ ಸಂಗಾತಿ. ವೃಷಣದ ಕ್ಯಾನ್ಸರ್ ಇದಕ್ಕೆ ಒಳ್ಳೆಯ ಉದಾಹರಣೆ. ಗಡ್ಡೆ ತೆಗೆದ ಮೇಲೆ ಬೀಟಾ ಎಚ್‌ಸಿಜಿ (ಗರ್ಭ ನಿಂತಾಗಲೂ ಏರುವ ಹಾರ್ಮೋನು) ಒಂದರಿಂದ ಒಂದೂವರೆ ದಿನಕ್ಕೆ ಅರ್ಧದಷ್ಟಾಗುತ್ತಾ ಬರಬೇಕು, ಎಎಫ್‌ಪಿ ಐದರಿಂದ ಏಳು ದಿನಕ್ಕೆ ಅರ್ಧವಾಗಬೇಕು. ಇಳಿಯುವ ವೇಗ ಕುಂಟಿತೆಂದರೆ ದೇಹದಲ್ಲಿ ಇನ್ನೂ ಎಲ್ಲೋ ರೋಗ ಉಳಿದಿದೆ ಎಂದರ್ಥ, ಕೀಮೋ ನಿರ್ಧಾರ ಅದರ ಮೇಲೆ ನಿಲ್ಲುತ್ತದೆ. ಗರ್ಭದಲ್ಲಿ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ಅಂಗಾಂಶ ಬೆಳೆಯುವ ಮೋಲಾರ್ ಪ್ರೆಗ್ನೆನ್ಸಿಯಲ್ಲೂ ಅಷ್ಟೆ. ಗರ್ಭ ತೆಗೆಸಿದ ಮೇಲೆ ಎಚ್‌ಸಿಜಿ ಸೊನ್ನೆಯ ಹತ್ತಿರ ಬರುವವರೆಗೆ, ಬಂದ ಮೇಲೂ ಕೆಲವು ತಿಂಗಳು, ಪರೀಕ್ಷೆ ತಪ್ಪಿಸಲೇಬಾರದು. ಊರು ದೂರ, ಈಗ ಆರಾಮಾಗಿದ್ದೇನೆ ಎಂದು ಬಿಟ್ಟುಬಿಡುವವರಿದ್ದಾರೆ. ಇಲ್ಲಿ ಪರೀಕ್ಷೆ ಬಿಡುವುದೇ ಅಪಾಯ.

ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಸಿಇಎ ನಾಲ್ಕರಿಂದ ಆರು ವಾರದಲ್ಲಿ ಸಾಮಾನ್ಯ ಮಟ್ಟಕ್ಕೆ ಇಳಿಯಬೇಕು. ಆಮೇಲೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ನೋಡುವುದು ರೂಢಿ. ಮೆಲ್ಲಗೆ ಏರತೊಡಗಿದರೆ ಸ್ಕ್ಯಾನ್ ಮಾಡಿ, ಲಿವರ್‌ನಲ್ಲಿ ಒಂದೆರಡು ಗಂಟು ಮಾತ್ರ ಇದ್ದಾಗಲೇ ಸಿಕ್ಕರೆ ತೆಗೆದುಹಾಕುವ ಅವಕಾಶವಿರುತ್ತದೆ.

ಫಾಲೋಅಪ್‌ನಲ್ಲಿರುವವರು ಒಂದು ವಿಷಯ ತಿಳಿದಿರಬೇಕು. ಒಂದೇ ಅಂಕಿ ನೋಡಿ ಹೆದರಬೇಡಿ. 14 ಇದ್ದದ್ದು 17 ಆಯಿತು ಎಂದರೆ ಅದು ದೇಹದ, ಯಂತ್ರದ ಸಹಜ ಏರಿಳಿತವೇ ಇರಬಹುದು. 14, 22, 41 ಎಂದು ಸತತ ಮೂರು ಸಲ ಏರಿದರೆ ಅದು ಬೇರೆ ಮಾತು. ಹೀಗೆಯೇ, ಮುಟ್ಟು ನಿಂತು ಅಂಡಾಶಯ ತೆಗೆಸಿದ ಮಹಿಳೆಯಲ್ಲಿ 8 ಇದ್ದ ಸಿಎ 125 ಮುಂದಿನ ಸಲ 16, ಅದರ ಮುಂದಿನ ಸಲ 29 ಆದರೆ, 35ರೊಳಗೇ ಇದ್ದರೂ ಡಾಕ್ಟರು ಗಮನಿಸುತ್ತಾರೆ. ಕೀಮೋ ಶುರುವಾದ ಮೊದಲ ವಾರಗಳಲ್ಲಿ, ಗಡ್ಡೆಯ ಕೋಶಗಳು ಒಡೆಯುವಾಗ, ಮಾರ್ಕರ್ ತಾತ್ಕಾಲಿಕವಾಗಿ ಮೇಲೇರುವುದೂ ಉಂಟು. ಔಷಧ ಹಿಡಿಯುತ್ತಿಲ್ಲ ಎಂದು ಅಷ್ಟಕ್ಕೇ ಎದೆಗುಂದಬಾರದು.

ಇಲ್ಲಿಯೂ ಬೇಗ ತಿಳಿಯುವುದರಿಂದ ಯಾವಾಗಲೂ ಲಾಭವಾಗುವುದಿಲ್ಲ. 2010ರಲ್ಲಿ ಪ್ರಕಟವಾದ ಬ್ರಿಟನ್-ಯುರೋಪಿನ ಅಧ್ಯಯನದಲ್ಲಿ, ಅಂಡಾಶಯದ ಕ್ಯಾನ್ಸರ್ ಗುಣವಾದಂತಿದ್ದ 529 ಮಹಿಳೆಯರಲ್ಲಿ ಸಿಎ 125 ಏರಿದಾಗ, ಅರ್ಧದಷ್ಟು ಮಂದಿಗೆ ಕೂಡಲೇ ಕೀಮೋ ಶುರುಮಾಡಿದರು. ಉಳಿದವರಿಗೆ ಲಕ್ಷಣ ಕಾಣಿಸಿಕೊಂಡ ಮೇಲೆ ಕೊಟ್ಟರು. ಬದುಕಿದ ಅವಧಿಯಲ್ಲಿ ವ್ಯತ್ಯಾಸವಿರಲಿಲ್ಲ. ಬೇಗ ಶುರುಮಾಡಿದವರು ಕೀಮೋ ಸಂಕಟವನ್ನು ತಿಂಗಳುಗಳಷ್ಟು ಮೊದಲೇ ಅನುಭವಿಸಿದರು. ಆ ಬಳಿಕ ಹೊಸ ಮಾತ್ರೆಗಳು ಬಂದಿವೆ, ನಿರ್ಧಾರಗಳು ಬದಲಾಗಿರಬಹುದು. ಆದರೆ ಅಂಕಿ ಏರಿದೆ ಎಂದ ಮಾತ್ರಕ್ಕೆ ‘ಇವತ್ತೇ ಕೀಮೋ ಹಾಕಿ’ ಎಂದು ಡಾಕ್ಟರನ್ನು ಒತ್ತಾಯಿಸುವ ಮುನ್ನ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು. ಪ್ರತಿ ತಿಂಗಳೂ ಸಿಎ 125 ನೋಡಿ ನಡುಗುವುದು ಬೇಡವೆಂದು ರೋಗಿಯೇ ತೀರ್ಮಾನಿಸಿದರೆ ಅದನ್ನೂ ಗೌರವಿಸಬೇಕು.

ಲ್ಯಾಬ್ ಬದಲಾದರೆ ಅಂಕಿಯೂ ಬದಲಾಗುತ್ತದೆ

ಒಂದೇ ರಕ್ತವನ್ನು ಎರಡು ಕಂಪನಿಗಳ ಯಂತ್ರದಲ್ಲಿ ಹಾಕಿದರೆ ಎರಡು ಅಂಕಿ ಬರಬಹುದು. ಬಳಸುವ ಪ್ರತಿಕಾಯ ಬೇರೆ, ಅಳೆಯುವ ವಿಧಾನ ಬೇರೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಒಮ್ಮೆ, ಊರಿನ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ ಎರಡನ್ನೂ ಹೋಲಿಸಿದರೆ ಇಲ್ಲದ ಏರಿಕೆ ಕಾಣಬಹುದು, ಇರುವ ಏರಿಕೆ ಮರೆಯಾಗಬಹುದು. ಸಾಧ್ಯವಾದಷ್ಟು ಒಂದೇ ಲ್ಯಾಬ್, ಒಂದೇ ವಿಧಾನ ಇರಲಿ. ವಿಧಾನದ ಹೆಸರು ರಿಪೋರ್ಟಿನಲ್ಲೇ ಮುದ್ರಿತವಾಗಿರುತ್ತದೆ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಕ್ರಮದಲ್ಲಿ ಫೈಲ್ ಮಾಡಿಟ್ಟರೆ ಡಾಕ್ಟರಿಗೆ ಆಗುವ ಉಪಕಾರ ಅಷ್ಟಿಷ್ಟಲ್ಲ. ಕೂದಲು, ಉಗುರಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಫಲಿತಾಂಶ ಕೆಡಿಸುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿತ್ತು. ಅಂಥ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ.

ಇನ್ನೊಂದು ತಪ್ಪು ಅಪರೂಪದ್ದು, ಆದರೆ ಭಯಂಕರವಾದದ್ದು. ಕೆಲವರ ರಕ್ತದಲ್ಲಿರುವ ಪ್ರತಿಕಾಯಗಳು ಪರೀಕ್ಷೆಯ ರಾಸಾಯನಿಕಕ್ಕೇ ಅಂಟಿಕೊಂಡು, ಇಲ್ಲದ ಮಾರ್ಕರನ್ನು ಇದೆ ಎಂದು ತೋರಿಸುತ್ತವೆ. 2000ದಲ್ಲಿ ಅಮೆರಿಕದ ವೈದ್ಯರು ಇಂಥ 12 ಮಹಿಳೆಯರ ವಿವರ ಪ್ರಕಟಿಸಿದರು. ರಕ್ತದಲ್ಲಿ ಎಚ್‌ಸಿಜಿ ಇಳಿಯುತ್ತಿಲ್ಲವೆಂದು ಅವರಲ್ಲಿ ಹೆಚ್ಚಿನವರಿಗೆ ಕೀಮೋ ಕೊಟ್ಟಿದ್ದರು ಅಥವಾ ಆಪರೇಷನ್ ಮಾಡಿದ್ದರು. ಯಾರಿಗೂ ಕ್ಯಾನ್ಸರ್ ಇರಲಿಲ್ಲ. ಆ ಪ್ರತಿಕಾಯಗಳು ಮೂತ್ರಕ್ಕೆ ಇಳಿಯುವುದಿಲ್ಲ, ಹಾಗಾಗಿ ಮಾಮೂಲಿ ಮೂತ್ರಪರೀಕ್ಷೆಯೊಂದರಲ್ಲೇ ನಿಜ ಗೊತ್ತಾಗುತ್ತಿತ್ತು. ರೋಗಿಯ ಸ್ಥಿತಿಗೂ ಸ್ಕ್ಯಾನಿಗೂ ಅಂಕಿಗೂ ತಾಳೆಯಾಗದಿದ್ದರೆ ಬೇರೆ ವಿಧಾನದಲ್ಲಿ ಮತ್ತೊಮ್ಮೆ ನೋಡಲು ಕೇಳುವುದು ರೋಗಿಯ ಹಕ್ಕು.

ಪ್ಯಾಕೇಜುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಲಕ್ಷಣವಿಲ್ಲದವರಿಗೆ ಸಿಎ 125, ಸಿಇಎ, ಸಿಎ 19-9, ಸ್ತನ ಕ್ಯಾನ್ಸರ್‌ನ ಮಾರ್ಕರ್ ಆದ ಸಿಎ 15-3 ಎಲ್ಲವನ್ನೂ ಒಟ್ಟುಗೂಡಿಸಿ ‘ಕ್ಯಾನ್ಸರ್ ಸ್ಕ್ರೀನಿಂಗ್’ ಎಂದು ಮಾರುವುದು ನಿಲ್ಲಬೇಕು, ನಿಲ್ಲಿಸಲಾಗದಿದ್ದರೆ ರಕ್ತ ತೆಗೆಯುವ ಮೊದಲು ಅದರ ಮಿತಿಯನ್ನು ಕನ್ನಡದಲ್ಲಿ ಬರೆದು ಓದಿಸಬೇಕು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳು ಊರಿನ ಅಪ್ಪ-ಅಮ್ಮನಿಗೆ ಆನ್‌ಲೈನಿನಲ್ಲಿ ಪ್ಯಾಕೇಜ್ ಬುಕ್ ಮಾಡುವುದು ಪ್ರೀತಿಯಿಂದಲೇ. ಆ ಹಣ, ಆ ಕಾಳಜಿ ಬೇರೆ ಕಡೆ ಹೋದರೆ ನಿಜವಾಗಿ ಜೀವ ಉಳಿಯುತ್ತದೆ. ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಬಾಯಿ ತೆರೆಸಿ ಕಣ್ಣಿಂದ ನೋಡಿದ್ದರಿಂದಲೇ, ತಂಬಾಕು-ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಇಳಿದಿತ್ತು, 2005ರ ವರದಿಯಂತೆ. ಮುಂಬೈಯಲ್ಲಿ ಗರ್ಭಕೊರಳಿಗೆ ವಿನೆಗರ್ ದ್ರಾವಣ ಹಚ್ಚಿ ನೋಡುವ ಅಗ್ಗದ ಪರೀಕ್ಷೆಯಿಂದ ಗರ್ಭಕೊರಳ ಕ್ಯಾನ್ಸರ್ ಸಾವು ಶೇ 31ರಷ್ಟು ಕಡಿಮೆಯಾಯಿತು. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಈಗಾಗಲೇ ಅಂಕಿ ಹೆಚ್ಚು ಬಂದಿದ್ದರೆ ಏನು ಮಾಡಬೇಕು? ಅದೇ ವಾರ ಮೂರು ಲ್ಯಾಬುಗಳಿಗೆ ಓಡಬೇಡಿ. ಪೆಟ್ ಸ್ಕ್ಯಾನ್‌ಗೆ ನೇರವಾಗಿ ಹೋಗಬೇಡಿ. ಮುಟ್ಟಿನ ತಾರೀಖು, ಈಚೆಗೆ ಬಂದ ಜ್ವರ-ಸೋಂಕು, ನುಂಗುತ್ತಿರುವ ಮಾತ್ರೆ, ಧೂಮಪಾನ, ಮನೆತನದ ಕ್ಯಾನ್ಸರ್ ಇತಿಹಾಸ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಹೆಚ್ಚಿನ ಸಲ ಅವರು ಮೈ ಮುಟ್ಟಿ ಪರೀಕ್ಷಿಸಿ, ಒಂದು ಅಲ್ಟ್ರಾಸೌಂಡ್ ಮಾಡಿಸಿ, ಕೆಲವು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಡಲು ಹೇಳುತ್ತಾರೆ.

ಅಂಕಿ ಕಡಿಮೆ ಬಂದವರಿಗೂ ಒಂದು ಮಾತು. ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿದ್ದಾಗ ಅರ್ಧದಷ್ಟು ಮಹಿಳೆಯರಲ್ಲಿ ಸಿಎ 125 ಏರಿರುವುದೇ ಇಲ್ಲ. ಐವತ್ತು ದಾಟಿದ ಮೇಲೆ ಹೊಸದಾಗಿ ಹೊಟ್ಟೆ ಉಬ್ಬರ ಶುರುವಾಗಿ ವಾರಗಟ್ಟಲೆ ಹೋಗದಿದ್ದರೆ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತಿದ್ದರೆ, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಸುಮ್ಮನಾಗಬೇಡಿ. ‘ಮೊನ್ನೆ ಪ್ಯಾಕೇಜಿನಲ್ಲಿ ಸಿಎ 125 ನಾರ್ಮಲ್ ಬಂದಿತ್ತಲ್ಲ’ ಎಂಬ ಧೈರ್ಯವೂ ಬೇಡ. ಸ್ತ್ರೀರೋಗ ತಜ್ಞರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ.